ಮೊದಲ ಸಲ ರೇಸ್ ಟ್ರ್ಯಾಕ್‌ಗೆ ಕಾರು ಒಯ್ಯುವವರಿಗೆ: ಮೊದಲು ಬ್ರೇಕ್ ಆಯಿಲ್ ನೋಡಿ

ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಹೊರಟ ಹೊಸಬರು ದುಡ್ಡು ಸುರಿಯುವುದು ಎಕ್ಸಾಸ್ಟ್‌ಗೆ. ಹಾಕಬೇಕಾದ್ದು ಬ್ರೇಕಿಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ; ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯುತ್ತದೆ. ಹೋಗುವ ವಾರ ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆ ಆಯಿಲ್, ಗಾಳಿ ಹೊರಹಾಕಿಸಿ. ಒಂದು ಲೀಟರ್ ಧಾರಾಳ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ.

ಬ್ರೇಕ್ ತಣಿಯಲೆಂದು ಕೊನೆಯ ಲ್ಯಾಪ್ (ಸುತ್ತು) ನಿಧಾನವಾಗಿ, ಆದಷ್ಟು ಬ್ರೇಕ್ ತುಳಿಯದೆ ಓಡಿಸಿ. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡ್ ಡಿಸ್ಕಿಗೆ ಅಂಟಿ ಕಲೆ ಬೀಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಇಟ್ಟಿಗೆ ಕೊಟ್ಟರಾಯಿತು.

ಟೈರು ನೆಲಕ್ಕೆ ತಾಗುವ ಭಾಗದ ಅಂಚಿನಿಂದ ಟೈರಿನದೇ ಪಕ್ಕದ ಗೋಡೆವರೆಗೆ (ಸೈಡ್‌ವಾಲ್) ಸೀಮೆಸುಣ್ಣದ ಗೆರೆ ಎಳೆದಿಡಿ. ಸೆಷನ್ (ಟ್ರ್ಯಾಕ್ ಮೇಲಿನ ಒಂದು ಸರದಿ) ಮುಗಿದಾಗ ಗೆರೆ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ. ಅಂಚಿನ ಮೇಲೇ ಉಳಿದಿದ್ದರೆ ಜಾಸ್ತಿ. ತಣ್ಣಗಿದ್ದಾಗ 30 ಪಿಎಸ್‌ಐ ಇದ್ದದ್ದು ಬಿಸಿಯಾದಾಗ 35 ದಾಟುವುದು ಸಹಜ, ಹಾಗಾಗಿ ಒಳಬಂದ ತಕ್ಷಣವೇ ಅಳೆದು, ಜಾಸ್ತಿಯಿದ್ದರೆ ಗಾಳಿ ಬಿಡಿ. ಮನೆಗೆ ಹೊರಡುವ ಮುನ್ನ ಟೈರ್ ತಣಿದ ಮೇಲೆ ಮತ್ತೆ ತುಂಬಿಸಿಕೊಳ್ಳಿ, ಇದನ್ನು ಮರೆಯುವವರೇ ಹೆಚ್ಚು.

ವ್ಹೀಲ್ ನಟ್‌ಗಳನ್ನು ಪ್ರತಿ ಸೆಷನ್ ನಂತರ ಟಾರ್ಕ್ ರೆಂಚಿನಲ್ಲಿ (ಬಿಗಿ ಎಷ್ಟೆಂದು ಅಳೆಯುವ ಸ್ಪ್ಯಾನರ್) ಪರೀಕ್ಷಿಸಿ. ಅಳತೆ ಕಾರಿನ ಪುಸ್ತಕದಲ್ಲಿದೆ. ಸ್ಟೆಪ್ನಿ, ಜಾಕ್, ಫ್ಲೋರ್ ಮ್ಯಾಟ್, ಸೀಟಿನಡಿಯ ನೀರಿನ ಬಾಟಲಿ ಎಲ್ಲ ಹೊರಗಿಡಿ. ಬಾಟಲಿ ಉರುಳಿ ಪೆಡಲ್ ಕೆಳಗೆ ಸಿಕ್ಕರೆ ಕಥೆ ಮುಗಿಯಿತು. ಬಟ್ಟೆ ತುಂಬುತೋಳಿನ ಹತ್ತಿಯದ್ದೇ ಇರಲಿ; ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಹಳದಿ ಬಾವುಟ ಕಂಡರೆ ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ಕನ್ನಡಿ ನೋಡಿ, ವೇಗ ತಗ್ಗಿಸಿ, ಸೀದಾ ಪಿಟ್‌ಗೆ.