ಬೈಕ್ ಡಬ್ಬಿಗೆ ಗಾಳಿ ಬರಲಿ, ಮಳೆ ಬೇಡ

ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಬಂದವರು ಒದ್ದೆ ರೇನ್‌ಕೋಟನ್ನು ಹಾಗೇ ಬೈಕಿನ ಹಿಂದೆ ಕೂರಿಸಿದ ಪ್ಲಾಸ್ಟಿಕ್ ಡಬ್ಬಿಗೆ, ಅಂದರೆ ಟಾಪ್ ಬಾಕ್ಸ್‌ಗೆ ತುರುಕಿ ಬೀಗ ಹಾಕಿಬಿಡುತ್ತಾರೆ. ಮೂರು ದಿನ ಬಿಟ್ಟು ತೆರೆದರೆ ಮುಗ್ಗಲು ವಾಸನೆ. ನನ್ನ ಚರ್ಮದ ಗ್ಲೌಸ್‌ಗೆ ಹಾಗೇ ಬೂಷ್ಟು ಹಿಡಿದಿತ್ತು. ಹೊಲಿಗೆ ಸಂದಿಯಲ್ಲೆಲ್ಲ ಬಿಳಿ ಪುಡಿ. ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ.

ಬಿಗಿಯಾಗಿ ಮುಚ್ಚಿದ ಡಬ್ಬಿಗೆ ಇನ್ನೊಂದು ತೊಂದರೆಯಿದೆ. ಬಿಸಿಲಿಗೆ ಕಾದ ಡಬ್ಬಿಯ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಸವೆದ ರಬ್ಬರ್ ಬೀಡಿಂಗ್ ಇದ್ದರೆ ಆ ಸಂದಿಯಿಂದಲೇ ನೀರು ಒಳಗೆ ಎಳೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ಡಬ್ಬಿಗೆ ಗಾಳಿಕಿಂಡಿ (ವೆಂಟ್) ಮಾಡುವುದು. ಎಲ್‌ಇಡಿ ಬೀದಿದೀಪಕ್ಕೆ ಹಾಕುವ, ಗಾಳಿ ಬಿಟ್ಟು ನೀರು ತಡೆಯುವ ಪುಟ್ಟ ಬ್ರೀದರ್ ಪ್ಲಗ್ ಸಾಕು ಅಂತ ಕೆಲವರು ಹೇಳುತ್ತಾರೆ. ಒಳಗಿನ ಒತ್ತಡ ಸರಿಮಾಡಲು ಅದು ಸಾಕು. ಒದ್ದೆ ಕೋಟ್ ಒಣಗಲು ಅದರಲ್ಲಿ ಹೋಗುವ ಗಾಳಿ ಏನೇನೂ ಸಾಲದು. ಅರ್ಧ ಚಿಪ್ಪಿನ ಆಕಾರದ, ಬಾಯಿ ಕೆಳಗಿರುವ ಪ್ಲಾಸ್ಟಿಕ್ ವೆಂಟ್ ಕವರ್ ಎರಡು ತನ್ನಿ. ಜೊತೆಗೆ ಸ್ಟೀಲ್ ಜಾಲರಿ ಚೂರು, 4 ಎಂಎಂ ಸ್ಟೇನ್‌ಲೆಸ್ ಬೋಲ್ಟ್-ನಟ್, ಹಳೆ ಸೈಕಲ್ ಟ್ಯೂಬ್.

ಮೊದಲು ಜಾಗ ಗುರುತು ಮಾಡಿ. ಒಂದು ಪಕ್ಕದಲ್ಲಿ ತಳದಿಂದ ನಾಲ್ಕು ಬೆರಳು ಮೇಲೆ ಒಂದು, ಎದುರು ಪಕ್ಕದಲ್ಲಿ ಮುಚ್ಚಳದ ಅಂಚಿನ ಕೆಳಗೆ ಇನ್ನೊಂದು. ಹಿಂಬದಿ ಮಾತ್ರ ಬೇಡವೇ ಬೇಡ. ಓಡುವಾಗ ಚಕ್ರ ಎರಚುವ ಕೆಸರನ್ನು ಗಾಳಿ ಸುತ್ತಿಕೊಂಡು ಬರುವುದು ಅಲ್ಲಿಗೇ.

ಇನ್ನು ತೂತು. ಎಲ್ಲರೂ ಎಡವುವುದು ಇಲ್ಲೇ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಒಳಗಡೆಯಿಂದ ಮರದ ತುಂಡು ಒತ್ತಿ ಹಿಡಿಯಲು ಒಬ್ಬರನ್ನು ಕರೆಯಿರಿ. 3 ಎಂಎಂ ಬಿಟ್‌ನಲ್ಲಿ ಮೊದಲ ತೂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್ ಹಾಕಿ ನಿಧಾನವಾಗಿ 20 ಎಂಎಂವರೆಗೆ. ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಸರಿಯಾದ ವೇಗದಲ್ಲಿ ದಾರದಂಥ ಸುರುಳಿ ಬಿಡಿಬಿಡಿಯಾಗಿ ಉದುರುತ್ತದೆ. ಅಂಚು ಬೆಳ್ಳಗಾಗುತ್ತಿದ್ದರೆ ನಿಲ್ಲಿಸಿ, ಆರಲು ಬಿಡಿ. ಕೊನೆಗೆ ಬ್ಲೇಡಿನಿಂದ ಅಂಚು ಕೆರೆದು, ಬೆರಳಾಡಿಸಿ ನೋಡಿ. ಚುಚ್ಚುವ ಒಂದು ಚೂರೂ ಉಳಿಯಬಾರದು, ಬಿರುಕು ಶುರುವಾಗುವುದೇ ಅಲ್ಲಿಂದ. ಥಿನ್ನರ್, ಪೆಟ್ರೋಲ್ ಹಾಕಿ ಒರೆಸಲೇಬೇಡಿ. ಇಂಥ ಡಬ್ಬಿಗಳಿಗೆ ಬಳಸುವ ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ ಒಡೆದುಹೋಗುತ್ತದೆ.

ಕವರ್ ಕೂರಿಸುವಾಗ ಒಂದೇ ನಿಯಮ: ತೂತು ಮೇಲೆ, ಬಾಯಿ ಕೆಳಗೆ. ತೂತಿನ ಕೆಳ ಅಂಚಿಗಿಂತ ಕವರಿನ ಬಾಯಿ ಕನಿಷ್ಠ ಒಂದು ಇಂಚು ಕೆಳಗಿರಬೇಕು. ಆಗ ನೀರು ಒಳಗೆ ಬರಬೇಕಾದರೆ ಮೇಲಕ್ಕೆ ಹತ್ತಬೇಕು. ಜಾಲರಿಯನ್ನು ತೂತಿನ ಮೇಲಿಟ್ಟು, ಸೈಕಲ್ ಟ್ಯೂಬನ್ನು ತಲೆಕೆಳಗಾದ ಲಾಳದ ಆಕಾರದಲ್ಲಿ ಕತ್ತರಿಸಿ ಕವರಿನ ಅಂಚಿಗೆ ಕೊಡಿ. ಮೇಲೆ ಮತ್ತು ಎರಡು ಪಕ್ಕ ಮಾತ್ರ ಸೀಲ್. ಕೆಳಗಿನ ಬಾಯಿ ತೆರೆದೇ ಇರಲಿ. ಸುತ್ತಲೂ ಸಿಲಿಕೋನ್ ಬಳಿದು, ಗಾಳಿಯ ದಾರಿಯನ್ನೇ ಮುಚ್ಚಿ, ಒಳಗೆ ಸೇರಿದ ನೀರನ್ನೂ ಕಟ್ಟಿಹಾಕಿದವರನ್ನು ನೋಡಿದ್ದೇನೆ.

ಸಿಲಿಕೋನ್ ಬೇಕೇ ಬೇಕು ಅಂದರೆ ನ್ಯೂಟ್ರಲ್ ಬಗೆಯದು ತನ್ನಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಲೋಹವನ್ನು ತಿನ್ನುತ್ತದೆ. ಡಬ್ಬಿಯ ತಳದಲ್ಲಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂಬ ಗುರುತಿದ್ದರೆ ಯಾವ ಸಿಲಿಕೋನೂ ಗಟ್ಟಿಯಾಗಿ ಹಿಡಿಯದು, ಬೋಲ್ಟನ್ನೇ ನಂಬಿ. ನಟ್ ಒಳಗಡೆ ಬರಲಿ, ಅಗಲ ವಾಷರ್ ಹಾಕಿ, ಕೈಯಲ್ಲಿ ಬಿಗಿ ಮಾಡಿ ಕಾಲು ಸುತ್ತು ಸ್ಪ್ಯಾನರ್ ಸಾಕು. ನಟ್ ಇಲ್ಲದೆ ತಾನೇ ಕೊರೆದುಕೊಂಡು ಕೂರುವ ಸೆಲ್ಫ್ ಸ್ಕ್ರೂ ಬೇಡ. ಅದರ ಮೊನೆ ರೇನ್‌ಕೋಟ್ ಹರಿಯುತ್ತದೆ.

ಒಳಗೆ ಟಿಶ್ಯೂ ಪೇಪರ್ ಹಾಸಿ, ಮುಚ್ಚಿ, ಹತ್ತು ನಿಮಿಷ ಪೈಪಿನಿಂದ ಮುಂದಿನಿಂದಲೂ ಮೇಲಿನಿಂದಲೂ ನೀರು ಬಿಡಿ. ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿನ ಬೋಲ್ಟ್ ತೆಗೆದು ರಬ್ಬರ್ ಮತ್ತೆ ಕೂರಿಸಿ. ಸರ್ವಿಸ್ ಸ್ಟೇಷನ್‌ನಲ್ಲಿ ಪ್ರೆಷರ್ ವಾಷ್ ಮಾಡಿಸುವಾಗ ವೆಂಟಿಗೆ ಟೇಪ್ ಹಾಕಿಸಿ. ಬೇಸಿಗೆಯಲ್ಲಿ ಒಮ್ಮೆ ಕವರ್ ಬಿಚ್ಚಿ ನೋಡಿ, ಕಣಜದ ಹುಳ ಜಾಲರಿಗೆ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ.