ಪುಟ್ಟ ಗೇಮ್ ಸ್ಟುಡಿಯೋ: ಆಡುವವರನ್ನೂ ಆಟವನ್ನೂ ನೋಡಿಕೊಳ್ಳುವ ಬಗೆ

ನಮ್ಮ ಸ್ಟುಡಿಯೋದಲ್ಲಿ ಇರುವುದು ನಾಲ್ಕೇ ಜನ. ನಮ್ಮ ಎರಡನೇ ಆಟ ತೋಟ ಬೆಳೆಸುವುದು. ಅದು ಹೊರಬಂದು ಮೂರು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಜೆ ಸಣ್ಣ ಅಪ್‌ಡೇಟ್ ಬಿಟ್ಟೆವು. ಹೊಸದಾಗಿ ಸೇರಿಸಿದ್ದು ಒಂದು ಹೂವಿನ ಬೀಜ ಅಷ್ಟೇ. ಬೇರೆ ಬೀಜಗಳ ಪಕ್ಕದಲ್ಲೇ ಇರಲಿ ಅಂತ ನಾನು ಅದನ್ನು ವಸ್ತುಗಳ ಪಟ್ಟಿಯ ನಡುವೆ ಹಾಕಿದ್ದೆ. ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್‌ನಲ್ಲಿ ಮಾತ್ರ ವಸ್ತುಗಳ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿ ಎಷ್ಟನೆಯದು ಅನ್ನುವ ಸಂಖ್ಯೆ ಇತ್ತು. ಹಾಗಾಗಿ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಜಾಗ ಜರುಗಿಬಿಟ್ಟಿತು. ಮರ ಇದ್ದ ಕಡೆ ಬೇಲಿ, ಬೇಲಿ ಇದ್ದ ಕಡೆ ದೀಪದ ಕಂಬ. ಆಟ ತಾನಾಗಿಯೇ ಸೇವ್ ಆಗುತ್ತಿತ್ತು, ಆದ್ದರಿಂದ ಹಳೆಯ ತೋಟ ಅಳಿಸಿಹೋಯಿತು. ಕ್ಲೌಡ್‌ನಲ್ಲಿದ್ದ ಪ್ರತಿಯ ಮೇಲೂ ಅದೇ ಕೆಟ್ಟ ಫೈಲ್ ಹೋಗಿ ಕೂತಿತು.

ಶನಿವಾರ ಬೆಳಿಗ್ಗೆ ಬಂದ ಪತ್ರಗಳಲ್ಲಿ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಒಬ್ಬ ತಂದೆ ಮಗಳ ಜೊತೆ ಕೂತು 61 ಗಂಟೆ ಆಡಿದ್ದರು. ಬೈದಿರಲಿಲ್ಲ. ‘ಅವಳು ಎದ್ದ ಮೇಲೆ ಏನು ಹೇಳಲಿ?’ ಅಂತ ಕೇಳಿದ್ದರು, ಅಷ್ಟೇ. ಎರಡು ದಿನ ಕೂತು ಸಂಖ್ಯೆಗಳನ್ನೆಲ್ಲ ಸರಿಪಡಿಸಿ ಮರಗಳನ್ನು ವಾಪಸ್ ತಂದೆವು. ಆದರೆ ಮರದ ವಯಸ್ಸು ಕಳೆದುಹೋಗಿತ್ತು. ಬೇಲಿಗೆ ವಯಸ್ಸು ಇರುವುದಿಲ್ಲವಲ್ಲ. ಎಲ್ಲ ಮರಗಳೂ ಸಸಿಗಳಾಗಿ ಮರಳಿದವು.

ಆವತ್ತಿನಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಆಟದ ದುಡ್ಡನ್ನು ವಾಪಸ್ ಕೊಡಬಹುದು, ಆ 61 ಗಂಟೆಯನ್ನು ಹೇಗೆ ಕೊಡುವುದು? ನೀವೂ ಮೂರು ನಾಲ್ಕು ಜನ ಸೇರಿ ಆಟ ಮಾಡುತ್ತಿದ್ದರೆ, ನಾವು ಈಗ ಏನು ಮಾಡುತ್ತೇವೆ ಅಂತ ಹೇಳುತ್ತೇನೆ.

ಮೊದಲು ಸೇವ್ ಫೈಲ್. ಪ್ರತಿ ವಸ್ತುವಿಗೂ ಎಂದೂ ಬದಲಾಗದ ಒಂದು ಹೆಸರು ಕೊಡಿ, ಫೈಲ್‌ನಲ್ಲಿ ಆ ಹೆಸರನ್ನೇ ಬರೆಯಿರಿ. ಫೈಲ್‌ನ ಮೊದಲ ಸಾಲಿನಲ್ಲಿ ಅದು ಎಷ್ಟನೇ ಆವೃತ್ತಿಯದು ಅನ್ನುವುದಿರಲಿ. ಹಳೆಯ ಫೈಲ್ ಬಂದರೆ ಒಂದೊಂದೇ ಮೆಟ್ಟಿಲು ಹತ್ತಿಸಿ: ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ. ಸೇವ್ ಮಾಡುವಾಗ ಹಳೆಯ ಫೈಲ್ ಮೇಲೆ ನೇರವಾಗಿ ಬರೆಯಬೇಡಿ. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಅದು ಸರಿಯಾಗಿ ತೆರೆಯುತ್ತದೆ ಅಂತ ಖಾತ್ರಿಯಾದ ಮೇಲೆ ಹೆಸರು ಬದಲಿಸಿ. ನಡುವೆ ಕರೆಂಟ್ ಹೋದರೂ ಹಳೆಯದು ಉಳಿಯುತ್ತದೆ. ಹಿಂದಿನ ಮೂರು ಪ್ರತಿಗಳನ್ನು ಪಕ್ಕದಲ್ಲಿಡಿ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಇನ್ನೊಂದು ಪ್ರತಿ ಬೇರೆಯಾಗಿ ತೆಗೆದಿಡಲಿ. ಕ್ಲೌಡ್ ಇದೆಯಲ್ಲ ಅಂತ ನಂಬಿ ಕೂರಬೇಡಿ. ಅದು ಒಳ್ಳೆಯ ಫೈಲ್ ಕಳಿಸಿದಷ್ಟೇ ನಿಷ್ಠೆಯಿಂದ ಕೆಟ್ಟ ಫೈಲನ್ನೂ ಕಳಿಸುತ್ತದೆ.

ಆಡುವವರು ಬಗ್ (ಆಟದಲ್ಲಿನ ದೋಷ) ತಿಳಿಸುವಾಗ ಕಳಿಸಿದ ಸೇವ್ ಫೈಲ್‌ಗಳನ್ನು, ಅವರ ಒಪ್ಪಿಗೆ ಕೇಳಿ, ಹೆಸರು ತೆಗೆದು ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇವೆ. ಈಗ ಅಲ್ಲಿ 140 ತೋಟಗಳಿವೆ. ಹೊಸ ಬಿಲ್ಡ್, ಅಂದರೆ ಹೊರಬಿಡಲು ಸಿದ್ಧವಾದ ಆಟದ ಆವೃತ್ತಿ, ಆ 140ನ್ನೂ ತೆರೆಯಬೇಕು, ಮರಗಳ ಲೆಕ್ಕ ಸರಿಬರಬೇಕು. ಇಲ್ಲದಿದ್ದರೆ ಹೊರಗೆ ಹೋಗುವ ಹಾಗಿಲ್ಲ. ಶುಕ್ರವಾರ ಅಪ್‌ಡೇಟ್ ಬಿಡುವುದನ್ನೂ ನಿಲ್ಲಿಸಿದೆವು. ಮಂಗಳವಾರ ಬೆಳಿಗ್ಗೆ ಬಿಟ್ಟರೆ ಏನಾದರೂ ಕೆಟ್ಟಾಗ ನಾಲ್ವರೂ ಎಚ್ಚರವಾಗಿರುತ್ತೇವೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಳೆಯ ಬಿಲ್ಡನ್ನು ಬೀಟಾ ಬ್ರಾಂಚ್ ಆಗಿ, ಅಂದರೆ ಬೇಕಾದವರು ಆರಿಸಿಕೊಳ್ಳುವ ಬೇರೆ ಆವೃತ್ತಿಯಾಗಿ, ಇಡಬಹುದು. ಹಿಂದಿನ ಆವೃತ್ತಿಯನ್ನು ಯಾವಾಗಲೂ ಅಲ್ಲಿಡಿ. ಹೊಸದು ಒಗ್ಗದವರು ಹಳೆಯದಕ್ಕೆ ಹೋಗಿ ಆಡುತ್ತಿರಬಹುದು.

ಇನ್ನು ಪತ್ರಗಳು. ಎಲ್ಲರೂ ಓದುತ್ತೇವೆ ಅಂದರೆ ಯಾರೂ ಓದುವುದಿಲ್ಲ. ನಮ್ಮಲ್ಲಿ ವಾರಕ್ಕೊಬ್ಬರ ಸರದಿ. ಚಿತ್ರ ಬಿಡಿಸುವವರಿಗೂ ಸರದಿ ಬರುತ್ತದೆ, ಸಂಗೀತದವರಿಗೂ ಬರುತ್ತದೆ. ಎರಡು ಕೆಲಸದ ದಿನದೊಳಗೆ ಉತ್ತರ ಹೋಗಲೇಬೇಕು. ‘ಇನ್ನೂ ಕಾರಣ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ’ ಅನ್ನುವುದೂ ಉತ್ತರವೇ. ಬಗ್ ಹೇಳಿದವರನ್ನು ಒಂದೇ ಸಲ ಮೂರು ವಿಷಯ ಕೇಳಿ: ಯಾವ ಆವೃತ್ತಿ, ಅದಾಗುವ ಮುಂಚೆ ಏನು ಮಾಡುತ್ತಿದ್ದಿರಿ, ಸೇವ್ ಫೈಲ್ ಕಳಿಸುತ್ತೀರಾ. ದಿನಕ್ಕೊಂದು ಪ್ರಶ್ನೆ ಕೇಳಿ ಸುಸ್ತು ಮಾಡಬೇಡಿ. ಸರಿಹೋದ ಮೇಲೆ ಅವರಿಗೇ ಮೊದಲು ತಿಳಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಒಬ್ಬರು ‘ಹಣ್ಣು ಯಾವುದು, ಕಾಯಿ ಯಾವುದು ಗೊತ್ತಾಗುತ್ತಿಲ್ಲ’ ಅಂತ ಬರೆದರು. ನಾನು ಸರಿಯಾಗಿ ಓದದೆ ಆಟ ಕಲಿಸುವ ಪುಟದ ಲಿಂಕ್ ಕಳಿಸಿದ್ದೆ. ಅವರು ತಾಳ್ಮೆಯಿಂದ ಮತ್ತೆ ಬರೆದರು: ಅವರಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತಿತ್ತು. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಹೀಗೆ ಬಣ್ಣ ಗುರುತಿಸುವ ತೊಂದರೆ ಇರುತ್ತದೆ. ಹಣ್ಣಿನ ಆಕಾರವನ್ನೇ ಸ್ವಲ್ಪ ಬೇರೆ ಮಾಡಿದೆವು. ಅರ್ಧ ದಿನದ ಕೆಲಸ. ಆ ಪತ್ರ ಬರುವವರೆಗೆ ಎಷ್ಟು ಜನ ಸುಮ್ನೆ ಆಟ ಬಿಟ್ಟುಹೋದರೋ ಅಂತ ಈಗಲೂ ನೋವಾಗುತ್ತದೆ.

ರಿಫಂಡ್ ಬಗ್ಗೆ ವಾದ ಮಾಡಬೇಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಸಿಗುತ್ತದೆ. ಅದು ಆಡುವವರ ಹಕ್ಕು. ಕೆಟ್ಟ ರಿವ್ಯೂ ಬಂದರೆ ಒಂದು ರಾತ್ರಿ ಬಿಟ್ಟು ಓದಿ. ಎಷ್ಟು ಗಂಟೆ ಆಡಿ ಬರೆದಿದ್ದಾರೆ ನೋಡಿ. 80 ಗಂಟೆ ಆಡಿ ಬೇಜಾರಾದವರಿಗೆ ಆಟದ ಮೇಲೆ ಪ್ರೀತಿ ಇದೆ, ಅಲ್ವಾ? ಅವರು ಹೇಳಿದ ಬಗ್ ನಿಜವಾದರೆ ಸರಿಮಾಡಿ, ಯಾವ ಆವೃತ್ತಿಯಲ್ಲಿ ಸರಿಯಾಯಿತು ಅಂತ ಕೆಳಗೆ ಒಂದು ಸಾಲು ಬರೆಯಿರಿ. ರಿವ್ಯೂ ಬದಲಿಸಿ ಅಂತ ಕೇಳಬೇಡಿ.

ಮಾತು ಕೊಡುವ ವಿಷಯದಲ್ಲಿ ನಾನು ತುಂಬಾ ಬಿಗಿ. ನಮ್ಮ ಕಂಪ್ಯೂಟರಿನಲ್ಲಿ ಓಡದೇ ಇರುವುದನ್ನು ಹೊರಗೆ ಹೇಳುವುದಿಲ್ಲ. ಟ್ರೇಲರ್‌ನಲ್ಲಿ ತೋರಿಸುವುದು ಆಟದೊಳಗೆ ಇರಲೇಬೇಕು. 2016ರ ಆಗಸ್ಟ್‌ನಲ್ಲಿ ಹಲೋ ಗೇಮ್ಸ್ ಎಂಬ ಪುಟ್ಟ ತಂಡದ ‘ನೋ ಮ್ಯಾನ್ಸ್ ಸ್ಕೈ’ ಆಟ ಬಂದಾಗ, ಮುಂಚೆ ಹೇಳಿದ್ದ ಎಷ್ಟೋ ಸಂಗತಿ ಅದರಲ್ಲಿ ಇಲ್ಲ ಅಂತ ಜನ ಸಿಟ್ಟಾದರು. ತಂಡ ಮಾತು ಕಡಿಮೆ ಮಾಡಿ ಕೆಲಸಕ್ಕೆ ಕೂತಿತು. ಅದೇ ನವೆಂಬರ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಬಂತು. ಎಲ್ಲರೂ ಜೊತೆಯಾಗಿ ಆಡುವ ಸೌಲಭ್ಯ ಸರಿಯಾಗಿ ಬಂದದ್ದು 2018ರ ಜುಲೈನಲ್ಲಿ. ಇದಕ್ಕೆಲ್ಲ ಬೇರೆ ದುಡ್ಡು ಕೇಳಲಿಲ್ಲ. ಆ ಛಲ ನನಗೆ ತುಂಬಾ ಇಷ್ಟ. ಆದರೆ ಅಷ್ಟು ವರ್ಷ ದುಡಿಯಲು ಅವರ ಆಟ ಮೊದಲೇ ಚೆನ್ನಾಗಿ ಮಾರಾಟವಾಗಿತ್ತು. ನಮಗೆ ಆ ಅವಕಾಶ ಇರುವುದಿಲ್ಲ, ಆದ್ದರಿಂದ ಮೊದಲೇ ಕಡಿಮೆ ಹೇಳಬೇಕು.

ಪ್ರಾಜೆಕ್ಟ್‌ಗಳಿಗೂ ಇದೇ. ಒಂದು ಸಮಯಕ್ಕೆ ಒಂದೇ ಆಟ ಮಾಡಿ. ಹೊಸ ಆಲೋಚನೆ ಬಂದರೆ ಎರಡು ವಾರದ ಪ್ರೊಟೊಟೈಪ್ (ಕಚ್ಚಾ ಮಾದರಿ) ಮಾಡಿ, ಹೊರಗಿನ ಐದು ಜನರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಹಿಂದೆ ನಿಂತು ನೋಡಿ. ಅವರು ಎರಡನೇ ಸಲ ತಾವಾಗಿಯೇ ಆಡದಿದ್ದರೆ ಎತ್ತಿಡಿ. ದುಡ್ಡು ತೆಗೆದುಕೊಂಡ ಆಟವನ್ನು ಮಾತ್ರ ಹಾಗೆ ಎತ್ತಿಡಬಾರದು. ಅರ್ಲಿ ಆಕ್ಸೆಸ್‌ಗೆ, ಅಂದರೆ ಆಟ ಮುಗಿಯುವ ಮುಂಚೆಯೇ ಮಾರಲು, ಹೋಗುವುದಾದರೆ, ಇನ್ನು ಒಂದು ಪ್ರತಿಯೂ ಮಾರದಿದ್ದರೂ ಮುಗಿಸುವಷ್ಟು ದುಡ್ಡು ಕೈಯಲ್ಲಿರಲಿ. ‘ಅಮಾಂಗ್ ಅಸ್’ ಎಂಬ ಆಟ 2018ರಲ್ಲಿ ಬಂದು 2020ರಲ್ಲಿ ಹೆಸರಾಯಿತು. ಆ ಆಗಸ್ಟ್‌ನಲ್ಲಿ ಎರಡನೇ ಭಾಗ ಮಾಡುತ್ತೇವೆ ಅಂದವರು, ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟು, ಜನ ಆಡುತ್ತಿದ್ದ ಮೊದಲ ಆಟವನ್ನೇ ಸರಿಮಾಡಲು ಕೂತರು. ನಮ್ಮ ತೋಟದ ಆಟಕ್ಕೆ ಎರಡನೇ ಭಾಗ ಬೇಡ ಅಂತ ನಾವು ತೀರ್ಮಾನಿಸಿದಾಗ ನನ್ನ ಮನಸ್ಸಿನಲ್ಲಿ ಇದೇ ಇತ್ತು.

ಮುಚ್ಚುವ ದಿನವೂ ಬರುತ್ತದೆ. ನಮ್ಮ ಮೊದಲ ಆಟಕ್ಕೆ ಸರ್ವರ್ ಬೇಕಿತ್ತು, ಅದರ ಖರ್ಚು ತೂಗಿಸಲು ಆಗಲಿಲ್ಲ. ಮೊದಲು ಮಾರಾಟ ನಿಲ್ಲಿಸಿದೆವು. ಆರು ತಿಂಗಳು ಮುಂಚೆ, ಆಟದ ಮೊದಲ ಪರದೆಯಲ್ಲೇ ತಾರೀಕು ಹಾಕಿದೆವು. ಕೊನೆಯ ಅಪ್‌ಡೇಟ್‌ನಲ್ಲಿ ಸರ್ವರ್ ಇಲ್ಲದೆಯೂ ಒಬ್ಬರೇ ಆಡುವ ಹಾಗೆ ಮಾಡಿಕೊಟ್ಟೆವು. ಅದಕ್ಕೆ ಹತ್ತು ವಾರ ಹಿಡಿಯಿತು, ಒಂದು ರೂಪಾಯಿಯೂ ಬರಲಿಲ್ಲ. ಈಗಲೂ ಆ ಆಟದ ಬಗ್ಗೆ ತಿಂಗಳಿಗೆ ಒಂದೋ ಎರಡೋ ಪತ್ರ ಬರುತ್ತದೆ. ಆ ವಾರದ ಸರದಿಯವರು ಅದಕ್ಕೂ ಎರಡು ದಿನದೊಳಗೆ ಉತ್ತರ ಬರೆಯುತ್ತಾರೆ.