ಅಗ್ಗದ ಹಾಟ್ ಏರ್‌ನಲ್ಲಿ ಕ್ಯೂಎಫ್‌ಎನ್ ಚಿಪ್ ಕಳಚಿದ್ದು ಹೀಗೆ

ಕಾಲುಗಳು ಹೊರಚಾಚದೆ ಬೋರ್ಡ್‌ಗೇ ಅಂಟಿ ಕೂರುವ ಕ್ಯೂಎಫ್‌ಎನ್ ಚಿಪ್ ಅಲುಗುತ್ತಿರಲಿಲ್ಲ, ಪಕ್ಕದ ಕೆಪಾಸಿಟರ್‌ಗಳು ಮಾತ್ರ ಹಾರಿಹೋಗುತ್ತಿದ್ದವು. ಪೇಂಟ್ ಕೀಳುವ ಹೀಟ್ ಗನ್ ಹಿಡಿದೆ, ಪ್ಲಾಸ್ಟಿಕ್ ಕನೆಕ್ಟರ್ ಕರಗಿತು. ಬಿಸಿ ಗಾಳಿ ಊದಿ ಸೋಲ್ಡರ್ ಕರಗಿಸುವ 858ಡಿ ಮಾದರಿಯ ಅಗ್ಗದ ಹಾಟ್ ಏರ್ ಸ್ಟೇಷನ್ ತಂದು 450 ಡಿಗ್ರಿಗೆ ಏರಿಸಿದೆ. ಬೋರ್ಡ್ ಸುಮ್ನೆ ಕಪ್ಪಾಯಿತು.

ಚಿಪ್ ಅಡಿಯ ಗ್ರೌಂಡ್ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಇಡೀ ಬೋರ್ಡ್ ಮೊದಲೇ ಕಾಯಬೇಕು. ಪಿನ್‌ಗಳಿಗೆ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿಯಲು ಹಚ್ಚುವ ವಸ್ತು) ಹಚ್ಚಿ 63/37 (ತವರ-ಲೆಡ್) ಸೋಲ್ಡರ್ ಸೇರಿಸಿದೆ. ಲೆಡ್ ಇಲ್ಲದ ಸೋಲ್ಡರ್‌ಗೆ ಸುಮಾರು 217 ಡಿಗ್ರಿ ಬೇಕು, ಇದು 183ಕ್ಕೇ ಕರಗುತ್ತದೆ. 8 ಎಂಎಂ ನಾಝಲ್, 350 ಡಿಗ್ರಿ, ಗಾಳಿ ಅರ್ಧಕ್ಕಿಂತ ಕಡಿಮೆ. 5 ಸೆಂ.ಮೀ. ಎತ್ತರದಿಂದ ಒಂದೂವರೆ ನಿಮಿಷ ಬೋರ್ಡ್ ಪೂರ್ತಿ ಕಾಯಿಸಿದೆ. ಆಮೇಲಷ್ಟೇ 2 ಸೆಂ.ಮೀ.ಗೆ ಇಳಿಸಿ, ಚಿಪ್ ಮೇಲೆ ವೃತ್ತಾಕಾರವಾಗಿ ಆಡಿಸಿದೆ. 40 ಸೆಕೆಂಡಿಗೆ ಟ್ವೀಜರ್‌ಗೆ ಬಂತು.

ಕೊಳ್ಳುವವರು ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಿ ತಣ್ಣಗಾಗಿಸುತ್ತದಾ ನೋಡಿ. ಪ್ಲಗ್ಗಿನ ಅರ್ತ್ ಪಿನ್‌ನಿಂದ ನಾಝಲ್‌ವರೆಗೆ ಕಂಟಿನ್ಯುಟಿ (ಕಡಿಯದ ವಿದ್ಯುತ್ ಸಂಪರ್ಕ) ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸದೆ ಆನ್ ಮಾಡಬೇಡಿ.